ರೀಯೂನಿಯನ್ ದ್ವೀಪಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಮೈಸೂರಿನಿಂದ ಪ್ರಶ್ನೆ:
ತಮ್ಮ ಮಾರಿಷಸ್‌ನಲ್ಲಿದ್ದಾನೆ. ಜನವರಿ ಕೊನೆಗೆ ಅವನ ಮನೆಗೆ ಹೋಗುವ ಯೋಚನೆ ಇದೆ. ಅಲ್ಲಿಂದ ಪಕ್ಕದ ರೀಯೂನಿಯನ್‌ಗೆ ಐದು ದಿನ ಹೋಗಿಬರಬೇಕು ಅಂತ ಆಸೆ. ಅಮ್ಮನಿಗೆ 64 ವರ್ಷ, ಮೊಣಕಾಲು ನೋವು. ಆದರೂ ಜ್ವಾಲಾಮುಖಿ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಮಳೆ ಹೇಗಿರುತ್ತದೆ? ಸಮುದ್ರಕ್ಕೆ ಇಳಿಯಬಹುದಾ?

ಬೆಂಗಳೂರಿನಿಂದ:
ದಯವಿಟ್ಟು ಜನವರಿ ಬೇಡ. ನಾವು ಫೆಬ್ರವರಿಯಲ್ಲಿ ಹೋಗಿದ್ದೆವು. ಐದು ದಿನದಲ್ಲಿ ಮೂರು ದಿನ ಕೋಣೆಯಲ್ಲೇ ಕಳೆದೆವು, ಬೆಟ್ಟ ಕಾಣಿಸಲೇ ಇಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಮಳೆ ಅಂದರೆ ನಮ್ಮ ಲೆಕ್ಕದ ಮಳೆ ಅಲ್ಲ. 2007ರ ಗಾಮೇಡ್ ಚಂಡಮಾರುತದಲ್ಲಿ ಅಲ್ಲಿನ ಬೆಟ್ಟದ ಮೇಲೆ ಮೂರೇ ದಿನದಲ್ಲಿ 3,900 ಮಿ.ಮೀ. ದಾಟಿತ್ತು, ಅದು ವಿಶ್ವದಾಖಲೆ. ಆಗುಂಬೆಯಲ್ಲಿ ಇಡೀ ವರ್ಷಕ್ಕೆ ಬೀಳುವುದರಲ್ಲಿ ಅರ್ಧದಷ್ಟು!

ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ಆಗಲೂ ಪೂರ್ವದ ಕಡೆ ಮಳೆ ಇದ್ದೇ ಇರುತ್ತದೆ. ಸಮುದ್ರದ ಗಾಳಿ ಆ ಕಡೆಯಿಂದ ಬಂದು ಬೆಟ್ಟಕ್ಕೆ ಬಡಿದು ಅಲ್ಲೇ ಸುರಿಸಿಬಿಡುತ್ತದೆ. ಪಶ್ಚಿಮದ ಕಡೆ ಒಣ ಹವೆ. ಘಟ್ಟದ ಈಚೆ ಚಿತ್ರದುರ್ಗ ಒಣಗಿರುತ್ತದಲ್ವಾ, ಹಾಗೆ. ಆದ್ದರಿಂದ ಕೋಣೆ ಪಶ್ಚಿಮ ತೀರದ ಸೇಂ ಜಿಲ್ ಕಡೆ ಹಿಡಿಯಿರಿ.

ವಿಜಯಪುರದಿಂದ:
ಅಕ್ಕ, ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ನಾನು ಜುಲೈನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ 67, ಜೀವನವಿಡೀ ಎರೆಹೊಲದಲ್ಲಿ ದುಡಿದವರು.

ಜ್ವಾಲಾಮುಖಿಯ ಹೆಸರು ಪಿತೋಂ ದ ಲಾ ಫುರ್ನೇಜ್, ಎತ್ತರ 2,632 ಮೀಟರ್. ಜಗತ್ತಿನಲ್ಲಿ ಪದೇ ಪದೇ ಉಕ್ಕುವ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಅದರ ಎದುರಿನ ಅಂಚಿನವರೆಗೆ ಕಾರು ಹೋಗುತ್ತದೆ, ಆ ಜಾಗಕ್ಕೆ ಪಾ ದ ಬೆಲ್ಕೊಂಬ್ ಅನ್ನುತ್ತಾರೆ. ಅಲ್ಲಿಂದ ಕೆಳಗಿಳಿಯಲು ನೂರಾರು ಮೆಟ್ಟಿಲು. ಅಮ್ಮ ಇಳಿಯುವುದು ಬೇಡ, ಮೇಲಿನಿಂದಲೇ ಎಲ್ಲಾ ಕಾಣುತ್ತದೆ. ಆದರೆ ಬೆಳಿಗ್ಗೆ ಏಳರೊಳಗೆ ಅಲ್ಲಿರಬೇಕು. ಹತ್ತು ಗಂಟೆ ಹೊತ್ತಿಗೆ ಮೋಡ ಏರಿ ಎಲ್ಲಾ ಮುಚ್ಚಿಬಿಡುತ್ತದೆ. ಸ್ವೆಟರ್, ಟೋಪಿ ಮರೆಯಬೇಡಿ. ಕೆಳಗೆ ಸಮುದ್ರದ ಹತ್ತಿರ ಸೆಕೆ, ಮೇಲೆ ಕೈಬೆರಳು ಮರಗಟ್ಟುವ ಚಳಿ.

ಅಪ್ಪ ಅಲ್ಲಿ ಬಗ್ಗಿ ಒಂದು ಕಲ್ಲು ಎತ್ತಿಕೊಂಡರು. ಕರ್ರಗಿನ ಕಲ್ಲು, ಮೈತುಂಬ ಸಣ್ಣ ತೂತು, ಒಳಗೆ ಅಲ್ಲಲ್ಲಿ ಹಸಿರು ಹರಳು. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಬಾವಿ ತೋಡುವಾಗ ಸಿಕ್ಕ ಕಲ್ಲಿನ ಹಂಗ ಐತಲ್ಲೋ" ಅಂದರು. ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಅವರು ಹೇಳಿದ್ದು ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಈ ಜ್ವಾಲಾಮುಖಿಯ ಕೆಳಗೆ ಭೂಮಿಯಾಳದಿಂದ ಬಿಸಿ ಉಕ್ಕಿ ಬರುವ ಇದೇ ಜಾಗದ ಮೇಲೆ ಹಾದುಹೋಯಿತು, ಆಗ ಉಕ್ಕಿದ ಲಾವಾದಿಂದಲೇ ದಖ್ಖನ್ ಬಂಡೆಗಳು ಆದವು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಎರೆಮಣ್ಣು ಆ ಬಂಡೆ ಮಳೆ ಬಿಸಿಲಿಗೆ ಸವೆದು ಪುಡಿಯಾಗಿ ಆದದ್ದು. ನಮ್ಮ ನೆಲ ಉತ್ತರಕ್ಕೆ ಸರಿಯಿತು, ಬೆಂಕಿ ಅಲ್ಲೇ ಉಳಿಯಿತು. ಮುಂದೆ ಅದೇ ಮಾರಿಷಸ್ ಕಟ್ಟಿತು, ಈಗ ರೀಯೂನಿಯನ್ ಕಟ್ಟುತ್ತಿದೆ. ಅಪ್ಪ ಕಲ್ಲನ್ನು ಎತ್ತಿದ ಜಾಗದಲ್ಲೇ ಇಟ್ಟು ಬಂದರು. ಅದು ರಾಷ್ಟ್ರೀಯ ಉದ್ಯಾನ, ನೀವೂ ತರಬೇಡಿ.

ಅಮ್ಮನಿಗೆ ಇನ್ನೂ ಚೆನ್ನಾಗಿ ಹಿಡಿಸುವುದು ಆಗ್ನೇಯದ ಲಾವಾ ರಸ್ತೆ. ಬೆಟ್ಟದಿಂದ ಇಳಿದ ಲಾವಾ ಸಮುದ್ರ ಸೇರಿದ ಜಾಗಗಳನ್ನು ದಾಟಿಕೊಂಡು ರಸ್ತೆ ಹೋಗುತ್ತದೆ. ಯಾವ ವರ್ಷದ ಲಾವಾ ಅಂತ ಪಕ್ಕದಲ್ಲಿ ಬೋರ್ಡ್ ಇರುತ್ತದೆ. ಕಾರಿನಿಂದಲೇ ನೋಡಬಹುದು. ಹೊಸ ಲಾವಾ ಮೇಲೆ ಬೂದು ಬಣ್ಣದ ಕಲ್ಲುಹೂವು, ಸ್ವಲ್ಪ ಹಳೆಯದರ ಮೇಲೆ ಜರಿಗಿಡ, ಇನ್ನೂ ಹಳೆಯದರ ಮೇಲೆ ಕಾಡೇ ಬೆಳೆದಿದೆ. ಸೇಂತ್ ರೋಜ್ ಹತ್ತಿರ 1977ರಲ್ಲಿ ಲಾವಾ ಒಂದು ಚರ್ಚಿನ ಬಾಗಿಲವರೆಗೆ ಬಂದು, ಎರಡೂ ಕಡೆ ಬಳಸಿಕೊಂಡು ಹೋಗಿತ್ತು. ಚರ್ಚು ಈಗಲೂ ನಿಂತಿದೆ.

ಸಿಲಾವೋಸ್ ಕಣಿವೆಗೆ ಹೋಗುವುದಾದರೆ ಯೋಚಿಸಿ. ದಾರಿಯಲ್ಲಿ 400ಕ್ಕೂ ಹೆಚ್ಚು ತಿರುವು, ಅಪ್ಪನಿಗೆ ವಾಂತಿ ಬಂತು. ಅದರ ಬದಲು ಮಾಯ್ದೊ ಅಂಚಿಗೆ ಕಾರಿನಲ್ಲಿ ಹೋಗಿ ಮಫಾತ್ ಕಣಿವೆ ನೋಡಿ. ಕೆಳಗಿನ ಊರುಗಳಿಗೆ ರಸ್ತೆಯೇ ಇಲ್ಲ, ಸಾಮಾನೆಲ್ಲ ಹೆಲಿಕಾಪ್ಟರ್‌ನಲ್ಲಿ ಬರುತ್ತದೆ.

ಪುಣೆಯಿಂದ:
ಸಮುದ್ರದ ವಿಷಯ ಯಾರೂ ಹೇಳಲಿಲ್ಲ. ಅಲ್ಲಿ ಶಾರ್ಕ್ ಕಾಟ ಇದೆ, ಜನ ಸತ್ತಿದ್ದಾರೆ. ಎಲ್ಲೆಂದರಲ್ಲಿ ಇಳಿಯಬೇಡಿ. ಎರ್ಮಿತಾಜ್ ಕಡೆ ಹವಳದ ಗೋಡೆಯ ಒಳಗೆ ಲಗೂನ್ ಇದೆ, ನೀರು ಆಳವಿಲ್ಲ, ಅಮ್ಮನೂ ಕೂರಬಹುದು. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಹವಳ ಚುಚ್ಚುತ್ತದೆ. ಕಾರು ಓಡಿಸುವುದು ತಮ್ಮನೇ ಆದರೆ ನೆನಪಿಸಿ: ಮಾರಿಷಸ್‌ನಲ್ಲಿ ನಮ್ಮ ಹಾಗೆ ಎಡಕ್ಕೆ, ಅಲ್ಲಿ ಬಲಕ್ಕೆ.

ಮೈಸೂರಿನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಕೆಟ್ ಇನ್ನೂ ಮಾಡಿರಲಿಲ್ಲ, ಜೂನ್‌ಗೆ ಮುಂದೂಡುತ್ತೇವೆ. ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಬಾವಿ ಕಲ್ಲಿನ ಭಾಗ ಎರಡು ಸಲ ಓದಿಸಿಕೊಂಡರು.