ಸ್ಲೋ ಸ್ಕ್ರೂಗೆ ಕೈ ಹಾಕ್ಬೇಡ್ರಪ್ಪಾ

ಸೀನನ ಹಳೇ ಎಜ್ಡಿ ಬೈಕು ಈಗ ನಿಂತ ಕಡೆ ಸುಮ್ನೆ ನಿಲ್ಲುತ್ತಿಲ್ಲ. ಎಕ್ಸಲೇಟರ್ ಪೂರ್ತಿ ಬಿಟ್ಟರೂ ವುಂಯ್ ಅಂತ ಕಿರುಚುತ್ತಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಆಟೋದವನು, ಇವನ್ಯಾವನೋ ರೇಸಿಗೆ ಕರೀತಿದ್ದಾನೆ ಅಂದುಕೊಂಡು ಗುರಾಯಿಸುತ್ತಾನೆ. ಫಸ್ಟ್ ಗೇರ್ ಹಾಕಿದರೆ ಕಟಾರ್ ಅಂತ ಸದ್ದಾಗಿ ಗಾಡಿ ಮುಂದಕ್ಕೆ ನೆಗೆಯುತ್ತದೆ, ಹಿಂದೆ ಕೂತ ಹೆಂಡತಿ ನೆಗೆದ ಮೇಲೆ ಬೈಯುತ್ತಾಳೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಎಜ್ಡಿ ದಿನ ಬೇರೆ ಹತ್ತಿರ ಬಂತು. ಅವತ್ತು ಊರಿನ ಹಳೇ ಗಾಡಿಗಳೆಲ್ಲ ಮಿಂಚುತ್ತಾ ಸಾಲಾಗಿ ಹೋಗುವಾಗ ಇವನದೊಂದು ಹೀಗೆ ಅರಚಿಕೊಂಡು ಹೋದರೆ ಮರ್ಯಾದೆ ಏನಾಗಬೇಕು?

ಹಾಗಾಗಿ ವಿಷಯ ಒಂಟಿಕೊಪ್ಪಲಿನ ನಮ್ಮ ಟೀ ಅಂಗಡಿಗೆ ಬಂತು. ಬರಬಾರದಿತ್ತು. ಯಾಕೆಂದರೆ ಮೈಸೂರಿನಲ್ಲಿ ಎಜ್ಡಿ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯನೇ ಇಲ್ಲ. ಇಲ್ಲೇ ಪಕ್ಕದ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಜಾವಾ-ಎಜ್ಡಿ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಆದರೂ ಊರಲ್ಲಿ ಅರ್ಧ ಜನ ಇವತ್ತಿಗೂ ಅಲ್ಲಿ ತಾವೇ ಚೀಫ್ ಇಂಜಿನಿಯರ್ ಆಗಿದ್ದವರ ಹಾಗೆ ಮಾತಾಡುತ್ತಾರೆ. ನಮ್ಮ ರಾಜಣ್ಣ ಅಂಥವರಲ್ಲಿ ಒಬ್ಬ. ಅವನ ಮಾವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರಂತೆ, ಪೇಂಟ್ ಸೆಕ್ಷನ್ನಿನಲ್ಲಿ. ಆ ಲೆಕ್ಕದಲ್ಲಿ ಇವನಿಗೆ ಎಂಜಿನ್ ಗೊತ್ತು.

"ಸ್ಲೋ ಸ್ಕ್ರೂ ಇಳಿಸು, ಅಷ್ಟೇ," ಅಂದ ರಾಜಣ್ಣ, ಬನ್ ಅದ್ದಿಕೊಳ್ಳುತ್ತಾ.

"ಇಳಿಸಿದೆ ಕಣಣ್ಣ. ಪೂರ್ತಿ ಹೊರಗೆ ತಿರುಗಿಸಿದೀನಿ. ಇನ್ನೊಂದು ಸುತ್ತು ತಿರುಗಿಸಿದ್ರೆ ಸ್ಕ್ರೂ ಕೈಗೇ ಬರುತ್ತೆ. ಆದ್ರೂ ರೇಸ್ ಕಡಿಮೆ ಆಗ್ತಿಲ್ಲ."

"ಹಂಗಾದ್ರೆ ಕಾರ್ಬೊರೇಟರ್ ಹೋಗಿದೆ. ಹೊಸದು ಹಾಕ್ಸು."

ರಾಜಣ್ಣನ ವೈದ್ಯ ಯಾವಾಗಲೂ ಎರಡೇ ಹೆಜ್ಜೆಯದು. ಮೊದಲು ಸ್ಕ್ರೂ ತಿರುಗಿಸು, ಆಗದಿದ್ದರೆ ಹೊಸದು ಹಾಕು. ಅವನ ಮನೆಯ ಮಿಕ್ಸಿ, ಫ್ಯಾನು, ನಲ್ಲಿ ಎಲ್ಲ ಹೀಗೇ ಹೊಸದಾಗಿವೆ.

ಕಿರಣ ಅಂತ ಒಬ್ಬ ಹುಡುಗ ಬರುತ್ತಾನೆ, ಸಾಫ್ಟ್‌ವೇರು. ಅವನದು ಬಿಎಸ್ 6 ಗಾಡಿ, ಹೊಗೆಯ ಹೊಸ ನಿಯಮದ್ದು. "ಅಂಕಲ್, ನಮ್ಮದ್ರಲ್ಲಿ ಕಾರ್ಬೊರೇಟರೇ ಇಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಅದೇ ಸ್ವಲ್ಪ ಜಾಸ್ತಿ ಓಡುತ್ತೆ, ಬಿಸಿಯಾದ ಮೇಲೆ ಅದೇ ಇಳಿಯುತ್ತೆ. ಎಲ್ಲಾ ಸೆನ್ಸರ್ ನೋಡ್ಕೊಳ್ಳುತ್ತೆ," ಅಂದ. ನಿನ್ನ ಸೆನ್ಸರ್ ಕೆಟ್ಟ ದಿನ ಟೀ ಅಂಗಡಿಯಲ್ಲಿ ಕೂತು ರಿಪೇರಿ ಮಾಡೋಕಾಗುತ್ತೇನೋ ಅಂತ ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದೆವು. ಹೇಳಿದ್ದು ಸರಿಯೇ, ಆದರೆ ಈ ಬೆಂಚಿನಲ್ಲಿ ಸರಿಯಾಗಿರುವುದು ಮುಖ್ಯ ಅಲ್ಲ.

ಅಷ್ಟರಲ್ಲಿ ಪಾಪಣ್ಣ ಬಂದರು. ಮೆಕ್ಯಾನಿಕ್. ಮಾತು ಕಡಿಮೆ. ಟೀ ಹೇಳಿ, ಸೀನ ಹೇಳಿದ್ದನ್ನೆಲ್ಲ ಕೇಳಿ, ಒಂದೇ ಮಾತು ಅಂದರು. "ಸ್ಲೋ ಸ್ಕ್ರೂಗೆ ಇನ್ಮೇಲೆ ಯಾರೂ ಕೈ ಹಾಕ್ಬೇಡ್ರಪ್ಪಾ. ಸ್ಕ್ರೂ ಪೂರ್ತಿ ಬಿಚ್ಚಿದ್ರೂ ರೇಸ್ ಇಳೀತಿಲ್ಲ ಅಂದ್ರೆ ತಪ್ಪು ಸ್ಕ್ರೂದಲ್ಲ ಅಂತ ಗಾಡೀನೇ ಹೇಳ್ತಿದೆ."

ಸ್ಲೋ ಸ್ಕ್ರೂ ಮಾಡುವುದು ಇಷ್ಟೇ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಒಳಗೆ ಸ್ಲೈಡ್ ಅಂತ ಒಂದು ಬಾಗಿಲಿದೆ, ಎಕ್ಸಲೇಟರ್ ತಿರುಗಿಸಿದರೆ ಅದು ಮೇಲೇಳುತ್ತದೆ, ಬಿಟ್ಟರೆ ಕೆಳಗೆ ಬೀಳುತ್ತದೆ. ಪೂರ್ತಿ ಮುಚ್ಚದ ಹಾಗೆ ಕೆಳಗೆ ಒಂಚೂರು ಸಂದು ಬಿಡುವುದು ಈ ಸ್ಕ್ರೂ ಕೆಲಸ. ಎಕ್ಸಲೇಟರ್ ಬಿಟ್ಟು ಸ್ಕ್ರೂ ಬಿಚ್ಚಿದ ಮೇಲೂ ಎಂಜಿನ್ ಜೋರಾಗಿ ಓಡುತ್ತಿದೆ ಅಂದರೆ ಎರಡೇ ಕಾರಣ. ಒಂದೋ ಬಾಗಿಲು ನಿಜವಾಗಿ ಮುಚ್ಚಿಲ್ಲ. ಇಲ್ಲವೇ ಹಿತ್ತಲ ಬಾಗಿಲಿನಿಂದ ಗಾಳಿ ಒಳಗೆ ಹೋಗುತ್ತಿದೆ.

ಮೊದಲನೆಯದನ್ನು ನೋಡುವುದಕ್ಕೆ ಪಾಪಣ್ಣ ಒಂದು ಪಾನಾ ಕೂಡ ಮುಟ್ಟಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿದರು. ಕಿರಣ ತಾನು ಮಾಡುತ್ತೇನೆ ಅಂತ ಹೋಗಿ ಕಿಕ್ಕರ್ ಎಲ್ಲಿ ಅಂತ ಬಲಗಡೆ, ಎಡಗಡೆ, ಕೊನೆಗೆ ಹಿಂದೆ ಕೂಡ ಹುಡುಕಿದ. ಎಜ್ಡಿಯಲ್ಲಿ ಗೇರ್ ಲಿವರನ್ನೇ ಮೇಲೆತ್ತಿದರೆ ಅದೇ ಕಿಕ್ಕರ್ ಅಂತ ಗೊತ್ತಾದ ಮೇಲೆ ಅವನು ನಮ್ಮನ್ನೆಲ್ಲ ನೋಡಿದ ರೀತಿಯೇ ಬೇರೆ. ಗಾಡಿ ಕಿರುಚುತ್ತಿರುವಾಗಲೇ ಪಾಪಣ್ಣ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಆಮೇಲೆ ಪೂರ್ತಿ ಬಲಕ್ಕೆ. ಸದ್ದು ಬದಲಾಗಲಿಲ್ಲ. ಬದಲಾಗಿದ್ದರೆ ಎಕ್ಸಲೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ ಅಂತ ಅರ್ಥ. ಟ್ಯಾಂಕ್ ಕೂರಿಸುವಾಗ ಕೇಬಲ್ ಕೆಳಗೆ ಸಿಕ್ಕಿಕೊಂಡು ಜನ ಕಾರ್ಬೊರೇಟರ್ ಬದಲಾಯಿಸಿದ್ದೂ ಇದೆಯಂತೆ. ರಾಜಣ್ಣ ಬನ್ ಕಡೆ ನೋಡಿದ. ಆಮೇಲೆ ಎಂಜಿನ್ ನಿಲ್ಲಿಸಿ ಎಕ್ಸಲೇಟರ್ ತಿರುಗಿಸಿ ಫಕ್ಕನೆ ಬಿಟ್ಟರು. ಒಳಗೆ ಸ್ಲೈಡ್ ಟಕ್ ಅಂತ ಬಿದ್ದ ಸದ್ದು ಚೆನ್ನಾಗಿಯೇ ಕೇಳಿಸಿತು. ಬಾಗಿಲು ಮುಚ್ಚುತ್ತಿದೆ.

"ಹಂಗಾದ್ರೆ ಏರ್ ತಗೋತಾ ಇದೆ," ಅಂದರು.

"ಗಾಳಿ ಹೋದ್ರೆ ಒಳ್ಳೇದಲ್ವಾ? ಪೆಟ್ರೋಲ್ ಉಳಿಯುತ್ತೆ," ಅಂದ ಸೀನ. ಸೀನ ಬ್ಯಾಂಕಿನವನು.

ಇದಕ್ಕೆ ಉತ್ತರ ಕೊಟ್ಟವರು ಮೇಷ್ಟ್ರು, ಇಷ್ಟು ಹೊತ್ತು ಪೇಪರ್ ಓದುತ್ತಿದ್ದವರು. "ಹಿಂದೆ ಪೆಟ್ರೋಲ್ ಟ್ಯಾಪ್ ಆನ್ ಮಾಡೋದು ಮರೆತು ಹೊರಟಿದ್ದು ನೆನಪಿದೆಯೇನಯ್ಯಾ? ಗಾಡಿ ನಿಂತುಹೋಗೋ ಮುಂಚೆ ಒಂದು ಕ್ಷಣ ತಾನಾಗೇ ಎಗರೋದು. ಯಾಕೆ? ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿ ಆಗೋದು. ಅದೇ ಈಗ ನಿನ್ನ ಗಾಡಿಗೆ ದಿನವಿಡೀ ಆಗ್ತಿದೆ." ಆಮೇಲೆ ಕನ್ನಡಕ ತೆಗೆದು ಇನ್ನೂ ಒಂದು ಹೇಳಿದರು. ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ ಬೆರೆತು. ಪೆಟ್ರೋಲ್ ಕಮ್ಮಿ ಅಂದರೆ ಆಯಿಲೂ ಕಮ್ಮಿ, ಮೇಲೆ ಬಿಸಿ ಜಾಸ್ತಿ. ಒಂದು ದಿನ ರಿಂಗ್ ರೋಡಿನಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಂತರೆ ಉಳಿಸಿದ ಪೆಟ್ರೋಲಿನ ಹತ್ತರಷ್ಟು ಸಿಲಿಂಡರ್ ಕೊರೆಸುವ ಬೋರಿಂಗಿಗೆ ಹೋಗುತ್ತದೆ. ಸೀನ ಮನಸ್ಸಿನಲ್ಲೇ ಲೆಕ್ಕ ಹಾಕಿ ಬೆವೆತ.

ಪ್ಲಗ್ ಬಿಚ್ಚಿ ನೋಡಿದರೆ ಮೂತಿ ಬಿಳಿಚಿಕೊಂಡಿತ್ತು. ಸರಿಯಾಗಿದ್ದರೆ ಕಂದು ಬಣ್ಣ ಇರಬೇಕು, ಪೆಟ್ರೋಲ್ ಜಾಸ್ತಿ ಆಗಿದ್ದರೆ ಕಪ್ಪು ಮಸಿ. ಬಿಳಿ ಅಂದರೆ ಮೇಷ್ಟ್ರು ಗೆದ್ದರು.

ಈಗ ಗಾಳಿ ಎಲ್ಲಿಂದ ಅನ್ನುವುದೇ ಪ್ರಶ್ನೆ. ರಾಜಣ್ಣ ಒಂದು ಸಿರಿಂಜಿನಲ್ಲಿ ಪೆಟ್ರೋಲ್ ತುಂಬಿಸಿ ಎಂಜಿನ್ ಸುತ್ತ ಚಿಮುಕಿಸೋಣ ಅಂದ. ಅವನ ಬಾಯಲ್ಲಿ ಬೀಡಿ ಉರಿಯುತ್ತಿತ್ತು. ಟೀ ಅಂಗಡಿಯವನು ಒಳಗಿಂದಲೇ ಕೂಗಿದ, "ಅಂಗಡಿಗೆ ಇನ್ಶೂರೆನ್ಸ್ ಇಲ್ಲ ಸ್ವಾಮಿ!"

ಪಾಪಣ್ಣ ಪಕ್ಕದ ಕಟಿಂಗ್ ಶಾಪಿನಿಂದ ತಲೆಗೆ ನೀರು ಹೊಡೆಯುವ ಬಾಟಲಿ ತರಿಸಿದರು. ಅದಕ್ಕೆ ಎರಡು ಚಿಟಿಕೆ ಸೋಪಿನ ಪುಡಿ. ಒಳಗೆ ಶೇವಿಂಗಿಗೆ ಕೂತಿದ್ದ ಗಿರಾಕಿ ಅರ್ಧ ಮುಖದ ನೊರೆಯಲ್ಲೇ ಎದ್ದು ನೋಡಲು ಬಂದ. ಗಾಡಿ ಸ್ಟಾರ್ಟ್ ಮಾಡಿ, ಕಾರ್ಬೊರೇಟರ್ ಸಿಲಿಂಡರಿಗೆ ಕೂರುವ ಜಾಯಿಂಟಿನ ಹತ್ತಿರ ಮೆಲ್ಲಗೆ ನೀರು ಹೊಡೆದರು. ಮೇಲೆ ಏನೂ ಇಲ್ಲ. ಎಡಗಡೆ ಏನೂ ಇಲ್ಲ. ಎರಡು ನಟ್ಟುಗಳ ನಡುವೆ, ಕೆಳಗಿನ ಅಂಚಿಗೆ ಹೊಡೆದದ್ದೇ ತಡ, ನೊರೆ ಸರ್ರನೆ ಒಳಗೆ ಎಳೆದುಕೊಂಡಿತು, ಎಂಜಿನ್ ಒಮ್ಮೆ ಬಿಕ್ಕಿ ಡುಗ್ ಡುಗ್ ಅಂತ ಇಳಿಯಿತು. ಒಂದೇ ಗಳಿಗೆ, ಮತ್ತೆ ವುಂಯ್. ಎಲ್ಲರೂ ಓ ಅಂದೆವು. ಶೇವಿಂಗಿನವನು ಚಪ್ಪಾಳೆ ತಟ್ಟಿದ.

ಅಲ್ಲಿ ಏನೂ ಸಿಗದೇ ಇದ್ದಿದ್ದರೆ ಮುಂದಿನ ಅನುಮಾನ ಪಿಸ್ಟನ್ ಕೆಳಗೆ ತಿರುಗುವ ಕ್ರ್ಯಾಂಕಿನ ಆಯಿಲ್ ಸೀಲು. ಟೂ ಸ್ಟ್ರೋಕಿನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಜಾಗಕ್ಕೇ ಬರುವುದರಿಂದ ಅಲ್ಲಿ ಸೀಲ್ ಸವೆದರೂ ಗಾಳಿ ನುಗ್ಗುತ್ತದೆ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲನ್ನೂ ಎಳೆದುಕೊಂಡು ಬಿಳಿ ಹೊಗೆ ಬಿಟ್ಟು ಇಡೀ ಬೀದಿಗೆ ಸೊಳ್ಳೆ ಔಷಧಿ ಹೊಡೆಯುತ್ತದೆ. ಅದು ಕೈಗೆ ಸಿಗಬೇಕಾದರೆ ಒಂದು ಕಡೆ ಪೂರ್ತಿ ಬಿಚ್ಚಬೇಕು. ಅದಕ್ಕೇ ಮೊದಲು ಸೋಪಿನ ನೀರು.

ಎಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ ಇಳಿಸಿ ಅದರ ಮೂತಿಗೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರು. ನಟ್ಟು ಕೂರುವ ಎರಡು ಕಿವಿಗಳೂ ಒಳಕ್ಕೆ ಬಾಗಿದ್ದವು, ಸ್ಕೇಲಿನ ಕೆಳಗೆ ಸಣ್ಣಗೆ ಬೆಳಕು ಕಾಣುತ್ತಿತ್ತು.

"ಇದನ್ನ ಯಾರಪ್ಪಾ ಟೈಟ್ ಮಾಡಿದ್ದು?"

ಸೀನ ಗಂಟಲು ಸರಿಮಾಡಿಕೊಂಡ. "ನಮ್ ಭಾಮೈದ. ಜಿಮ್ಮಿಗೆ ಹೋಗ್ತಾನೆ."

ಮೆತ್ತನೆಯ ಲೋಹ, ಎರಡೇ ನಟ್ಟು, ಮಧ್ಯೆ ಪ್ಯಾಕಿಂಗು. ಜೋರು ಮಾಡಿದಷ್ಟೂ ತುದಿ ಬಗ್ಗುತ್ತದೆ, ನಡುವೆ ಸಂದು ಬೀಳುತ್ತದೆ. ಸೋರುತ್ತಿದೆ ಅಂತ ಇನ್ನಷ್ಟು ಟೈಟ್ ಮಾಡಿದರೆ ಇನ್ನಷ್ಟು ಸೋರುತ್ತದೆ. ನನ್ನ ಪ್ರಕಾರ ಮೈಸೂರಿನ ಹಳೇ ಗಾಡಿಗಳನ್ನು ಹಾಳು ಮಾಡಿರುವುದು ತುಕ್ಕಲ್ಲ, ಮನೆಯಲ್ಲಿರುವ ಶಕ್ತಿವಂತರು.

ಮುಂದಿನದು ತಾಳ್ಮೆಯ ಕೆಲಸ. ದಪ್ಪ ಗಾಜಿನ ಮೇಲೆ ನುಣುಪಾದ ಉಪ್ಪುಕಾಗದ ಹಾಸಿ, ಒಂದು ತೊಟ್ಟು ಆಯಿಲ್ ಬಿಟ್ಟು, ಆ ಮೂತಿಯನ್ನು ಎಂಟರ ಆಕಾರದಲ್ಲಿ ಉಜ್ಜುತ್ತಾ ಹೋದರು. ಮೊದಲು ತುದಿಗಳು ಮಾತ್ರ ಹೊಳೆದವು, ಆಮೇಲೆ ನಡುವಿನ ಮಂಕು ಸಣ್ಣದಾಗುತ್ತಾ ಬಂದು, ಕೊನೆಗೆ ಇಡೀ ಮೂತಿ ಒಂದೇ ಸಮ ಹೊಳೆಯಿತು. ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಎರಡೂ ನಟ್ಟನ್ನು ಇದು ಸ್ವಲ್ಪ ಅದು ಸ್ವಲ್ಪ ಅಂತ ಚಿಕ್ಕ ಪಾನಾದಲ್ಲಿ ಹಿಡಿಸಿದರು. ಗಾಳಿಯ ಅಳತೆ ನೋಡುವ ಏರ್ ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ. ಒಂದು ರೌಂಡ್ ಓಡಿಸಿ ಎಂಜಿನ್ ಬಿಸಿ ಮಾಡಿಕೊಂಡು ಬಂದ ಮೇಲೆಯೇ ಸ್ಲೋ ಸ್ಕ್ರೂಗೆ ಕೈ ಹಾಕಿದ್ದು, ಅದೂ ಪಾಪಣ್ಣ ಮಾತ್ರ. ಎರಡು ಸೈಲೆನ್ಸರಿನಿಂದಲೂ ಡುಗ್ ಡುಗ್ ಡುಗ್. ಹ್ಯಾಂಡಲ್ ಮೇಲೆ ಇಟ್ಟ ಟೀ ಗ್ಲಾಸು ನಡುಗಿತು, ಬೀಳಲಿಲ್ಲ.

"ಇನ್ನೊಂಚೂರು ಇಳಿಸಿ ಪಾಪಣ್ಣ," ಅಂದ ರಾಜಣ್ಣ, "ಒಂದೊಂದು ಡುಗ್ಗೂ ಎಣಿಸೋ ಹಾಗಿರ್ಬೇಕು. ನಮ್ಮ ಮಾವ..."

ಪಾಪಣ್ಣ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಸೀನನ ಭಾಮೈದ ಬಂದ. ತೋಳಿಲ್ಲದ ಬನಿಯನ್, ಕೈಯಲ್ಲಿ ಪ್ರೋಟೀನ್ ಬಾಟಲಿ. ಗಾಡಿಯ ಸದ್ದು ಕೇಳಿ ತುಂಬಾ ಖುಷಿಪಟ್ಟ. ಬಗ್ಗಿ ಕಾರ್ಬೊರೇಟರ್ ಕಡೆ ನೋಡಿ, ನಟ್ಟನ್ನು ಬೆರಳಲ್ಲಿ ಮುಟ್ಟಿ ಕೇಳಿದ.

"ಭಾವ, ಯಾವುದಕ್ಕೂ ಇರ್ಲಿ, ಇನ್ನೊಂದು ಸುತ್ತು ಟೈಟ್ ಮಾಡ್ಲಾ?"