ಕಾಣಿಕೆ ಚೀಲದಲ್ಲಿ ಗುಳಿಗೆ ಪಟ್ಟಿ: ಕ್ಷಮೆ ಯಾರ ಹತ್ತಿರ ಕೇಳಲಿ, ಯಾವುದಕ್ಕೆ?

ಗದಗ ಕಡೆಯ ನರ್ಸ್:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವ ನಾಲ್ವರಲ್ಲಿ ನಾನೂ ಒಬ್ಬಳು.

ಹೋದ ತಿಂಗಳು ಹೊರಗಿನಿಂದ ಒಬ್ಬ ದೇವಸೇವಕರು ಬಂದು ಮೂರು ದಿನ ಉಜ್ಜೀವನ ಕೂಟ ನಡೆಸಿದರು. ಕೊನೆಯ ದಿನ, ಭಾನುವಾರ ರಾತ್ರಿ, "ಸಕ್ಕರೆ ಕಾಯಿಲೆಯವರು ಇಲ್ಲಿ ಏಳು ಜನ ಇದ್ದೀರಿ. ಇವತ್ತೇ ನಿಮಗೆ ಬಿಡುಗಡೆ. ನಂಬುವವರು ಗುಳಿಗೆಯನ್ನು ದೇವರಿಗೇ ಒಪ್ಪಿಸಿಬಿಡಿ" ಎಂದರು. ಮುಂದಿನ ಭಾನುವಾರ ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿದಾಗ ಹತ್ತರ ನೋಟು, ಚಿಲ್ಲರೆಯ ನಡುವೆ ಒಂದು ಗುಳಿಗೆ ಪಟ್ಟಿ ಬಿತ್ತು. ಸಕ್ಕರೆ ಕಾಯಿಲೆಯ ಗುಳಿಗೆ, ಮೆಟ್‌ಫಾರ್ಮಿನ್ 500. ಹತ್ತರಲ್ಲಿ ಆರು ಹಾಗೇ ಇದ್ದವು. ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಒಂದು ಸೂರ್ಯ, ಒಂದು ಚಂದ್ರ. ಅದನ್ನು ಬರೆದುಕೊಟ್ಟವಳು ನಾನೇ. ನಮ್ಮ ಸಭೆಯ ಒಬ್ಬ ಅಜ್ಜಿಗೆ ಓದು ಬಾರದು. ಮುಂಜಾನೆ ಒಂದು, ರಾತ್ರಿ ಒಂದು ಅಂತ ಗುರುತು ಹಿಡಿಯಲಿ ಎಂದು ಬರೆದಿದ್ದೆ.

ಅವತ್ತೇ ಅವರ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಬುಧವಾರ ಸ್ತ್ರೀಯರ ಕೂಟದಲ್ಲಿ ಅಜ್ಜಿ ಸಾಕ್ಷಿ ಹೇಳಲು ಎದ್ದರು. "ಗುಳಿಗಿ ಬಿಟ್ಟು ಹತ್ತು ದಿನಾ ಆತು. ನನ್ನ ಯೇಸಪ್ಪ ಕೈಬಿಟ್ಟಿಲ್ಲ." ಎಲ್ಲರೂ ಸ್ತೋತ್ರ ಅಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಇದು ನಂಬಿಕಿ ಅಲ್ಲ, ಹುಚ್ಚುತನ. ನಾಳೆ ಕಾಲು ಕೊಳತಾಗ ನನ್ನ ಹತ್ರನ ಬರ್ತೀರಿ" ಅಂದುಬಿಟ್ಟೆ. ಅಜ್ಜಿ ತಲೆ ಮೇಲೆ ಸೆರಗು ಎಳೆದುಕೊಂಡು ಕೂತರು. ಆಮೇಲೆ ಸಭೆಗೆ ಬಂದೇ ಇಲ್ಲ.

ಈಗ ಹಿರಿಯರೊಬ್ಬರು ಕರೆದು, "ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು ಅಂತ ವಾಕ್ಯ ಇದೆ. ದೀನತೆ ಕಲೀರಿ, ಎಲ್ಲರ ಮುಂದೆ ಕ್ಷಮೆ ಕೇಳ್ರಿ" ಅಂದಿದ್ದಾರೆ. ಗುಳಿಗೆ ವಿಷಯದಲ್ಲಿ ನಾನು ಹೇಳಿದ್ದು ಸರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಮೂರು ವಾರದಿಂದ ಪ್ರಾರ್ಥನೆಗೆ ಕೂತರೆ ಆ ಸೆರಗೇ ಕಣ್ಣ ಮುಂದೆ ಬರುತ್ತದೆ. ಸತ್ಯ ಹೇಳುವುದು ಅಹಂಕಾರವಾ? ಸುಮ್ಮನಿರುವುದು ದೀನತೆಯಾ? ತಿಳಿದವರು ಹೇಳಿ.

ನಿವೃತ್ತ ಸಭಾಪಾಲಕ, ಧಾರವಾಡ:

ಸಹೋದರಿ, ಹಿರಿಯರು ಹೇಳಿದ್ದು 105ನೇ ಕೀರ್ತನೆಯ 15ನೇ ವಚನ. ಅದನ್ನು ಜನರ ಬಾಯಿ ಮುಚ್ಚಿಸಲು ಎಳೆದು ತರುವುದನ್ನು ಬಹಳ ಸಲ ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಮಾಡಿದ್ದೇನೆ, ಆ ಸಂಕಟ ಇನ್ನೂ ಇದೆ. ದಯವಿಟ್ಟು 12ನೇ ವಚನದಿಂದ ಓದಿ. ಅಲ್ಲಿ ಅಭಿಷಿಕ್ತರೆಂದರೆ ಅಬ್ರಹಾಮ, ಇಸಾಕ, ಯಾಕೋಬರ ಮನೆತನ. ಬೆರಳೆಣಿಕೆಯ ಜನ, ನಾಡಿನಿಂದ ನಾಡಿಗೆ ಅಲೆಯುತ್ತಿದ್ದ ಪರದೇಶಿಗಳು. ದೇವರು ಗದರಿಸಿದ್ದು ಅರಸರನ್ನು. ಬಲವಿದ್ದವರು ಬಲವಿಲ್ಲದವರ ಮೇಲೆ ಕೈ ಮಾಡಬಾರದು ಎಂಬ ಮಾತು ಅದು. ಮೈಕು ಹಿಡಿದವರನ್ನು ಏನೂ ಕೇಳಬಾರದು ಎಂದು ಅಲ್ಲಿಲ್ಲ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲನು ಗವಿಯಲ್ಲಿ ಕೈಗೆ ಸಿಕ್ಕರೂ ದಾವೀದನು ಅವನನ್ನು ಕೊಲ್ಲಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು, ನೆಲಕ್ಕೆ ಬಾಗಿ ನಮಸ್ಕರಿಸಿ, ನನ್ನನ್ನು ಯಾಕೆ ಬೆನ್ನಟ್ಟುತ್ತೀ ಎಂದು ಕೇಳಿಯೇ ಕೇಳಿದ (1 ಸಮುವೇಲ 24). ಬಾಗಿದ್ದೂ ಅವನೇ, ಕೇಳಿದ್ದೂ ಅವನೇ.

ಆದಿ ಸಭೆಯವರು ಇದರಲ್ಲಿ ನಮಗಿಂತ ಎಚ್ಚರವಾಗಿದ್ದರು. ದಿದಖೆ ಎಂಬ ಪುರಾತನ ಗ್ರಂಥ 1873ರಲ್ಲಿ ಹಸ್ತಪ್ರತಿಯಾಗಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಸಿಕ್ಕಿತು. ಊರೂರು ತಿರುಗುವ ಸೇವಕನನ್ನು ಕರ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿರಿ, ಮೂರು ದಿನ ಉಳಿದರೆ ಅಥವಾ ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ ಎಂದು ತಿಳಿಯಿರಿ ಎನ್ನುತ್ತದೆ ಅದು. ಗೌರವ, ಪರೀಕ್ಷೆ ಎರಡನ್ನೂ ಒಟ್ಟೊಟ್ಟಿಗೇ ಹೇಳುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. ನೀವು ಕೇಳಬೇಕಾದದ್ದು ಆ ಪ್ರಸಂಗಿಯನ್ನು, ಅವರನ್ನು ಕರೆಸಿದ ಕಮಿಟಿಯನ್ನು. ನಿಮ್ಮ ಏಟು ಬಿದ್ದದ್ದು ಅಜ್ಜಿಯ ಮೇಲೆ. ವಯಸ್ಸಾದ ಸ್ತ್ರೀಯರನ್ನು ತಾಯಂದಿರೆಂದು ಎಣಿಸಿ ಬುದ್ಧಿ ಹೇಳು ಎಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ಆದಿ ಸಭೆಯ ಬೋಧಕ ಅಪೊಲ್ಲೋಸನು ಅರೆಬರೆ ತಿಳಿದು ಸಭಾಮಂದಿರದಲ್ಲಿ ಮಾತಾಡಿದಾಗ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಅಲ್ಲೇ ಎದ್ದು ಖಂಡಿಸಲಿಲ್ಲ, ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರಿಸಿದರು. ಅಜ್ಜಿಯ ಹತ್ತಿರ ಕ್ಷಮೆ ಕೇಳಿ. ಕಮಿಟಿಗೆ ಪತ್ರ ಬರೆಯಿರಿ. ಇವೆರಡನ್ನೂ ಒಂದಕ್ಕೊಂದು ಬೆರೆಸಬೇಡಿ.

ಪೆಂತೆಕೊಸ್ತ ಸಭೆಯ ಯುವಕ, ಬೆಂಗಳೂರು:

ಅಕ್ಕಾ, ನಾವು ಪ್ರವಾದನೆಯನ್ನೂ ಸ್ವಸ್ಥತೆಯನ್ನೂ ಮನಸಾರೆ ನಂಬುವವರು. ನಮ್ಮ ಅಮ್ಮನಿಗಾಗಿ ರಾತ್ರಿಯಿಡೀ ಪ್ರಾರ್ಥಿಸಿದ ಸಭೆ ಇದು. ಅದಕ್ಕೇ ಇಂಥದ್ದನ್ನು ಕೇಳಿದರೆ ನಿಮಗಿಂತ ಹೆಚ್ಚು ನೋವಾಗುವುದು ನಮಗೆ. ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಮಿಕ್ಕವರು ವಿವೇಚಿಸಲಿ ಎಂದು 1 ಕೊರಿಂಥ 14:29 ಹೇಳುತ್ತದೆ. ವಿವೇಚಿಸುವುದು ಅವಿಶ್ವಾಸವಾಗಿದ್ದರೆ ಪೌಲನು ಹಾಗೆ ಬರೆಯುತ್ತಿರಲಿಲ್ಲ.

ನಮ್ಮ ಪಾಸ್ಟರ್ ಯಾರಿಗೂ ಗುಳಿಗೆ ಬಿಡಿ ಅನ್ನಲ್ಲ. ಯಾರಾದರೂ ವಾಸಿಯಾಯಿತು ಅಂದರೆ, ಡಾಕ್ಟರಿಗೆ ತೋರಿಸಿ ರಿಪೋರ್ಟ್ ತನ್ನಿ, ಆಮೇಲೆ ಸಾಕ್ಷಿ ಹೇಳಿ ಅಂತಾರೆ. ಯೇಸು ಹತ್ತು ಮಂದಿ ಕುಷ್ಠರೋಗಿಗಳಿಗೆ ಹೇಳಿದ್ದೂ ಅದನ್ನೇ ಅಲ್ವಾ, ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಅಂತ. ಆ ಕಾಲದಲ್ಲಿ ಶುದ್ಧವಾಗಿದೆ ಎಂದು ನೋಡಿ ಹೇಳುವ ಅಧಿಕಾರ ಯಾಜಕರಿಗಿತ್ತು. ಒಂದು ವಿನಂತಿ: ಅಜ್ಜಿಯ ನಂಬಿಕೆಯನ್ನು ಹುಚ್ಚುತನ ಅನ್ನಬೇಡಿ. ನಂಬಿಕೆ ನಿಜವಾದದ್ದೇ, ಅವರಿಗೆ ಯಾರೋ ತಪ್ಪು ದಾರಿ ತೋರಿಸಿದರು.

ಕಥೋಲಿಕ ಶಿಕ್ಷಕಿ, ಮಂಗಳೂರು:

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲರ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದ ಮೊದಲಲ್ಲೇ ಒಂದು ಸೂಚನೆ ಇದೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳಲು ಮೊದಲು ನೋಡು. ಆಗದಿದ್ದರೆ ನಿನ್ನ ಅರ್ಥವೇನು ಎಂದು ಅವನನ್ನೇ ಕೇಳು. ತಪ್ಪಿದ್ದರೆ ಪ್ರೀತಿಯಿಂದ ತಿದ್ದು. ನೀವು ಆ ನಡುವಿನ ಮೆಟ್ಟಿಲನ್ನು ದಾಟಿಬಿಟ್ಟಿರಿ ಅನ್ನಿಸುತ್ತದೆ. ಅಜ್ಜಿ ಗುಳಿಗೆಯನ್ನು ಯಾಕೆ ಹಾಕಿದರು ಎಂದು ಯಾರಾದರೂ ಕೇಳಿದರಾ? ಇನ್ನೊಂದು, ಮನಸ್ಸು ಕುಗ್ಗಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ ಎಂದೂ ಅವರು ಹೇಳಿದ್ದಾರೆ. ಬೇಜಾರಿನಲ್ಲಿ ಎಣಿಕೆ ಕೆಲಸವನ್ನೋ ಸಭೆಯನ್ನೋ ಬಿಡಬೇಡಿ.

ಗದಗ ಕಡೆಯ ನರ್ಸ್:

ಎಲ್ಲರಿಗೂ ಕೃತಜ್ಞತೆ. ನಿನ್ನೆ ಸಂಜೆ ಹೋಗಿದ್ದೆ. ಸಕ್ಕರೆ ನೋಡುವ ಮಷಿನ್ ಚೀಲದಲ್ಲಿತ್ತು, ಹೊರಗೆ ತೆಗೆಯಲಿಲ್ಲ. "ತಪ್ಪಾತು ಆಯಿ" ಅಂದೆ. ಅವರು ಚಹಾಕ್ಕೆ ಇಟ್ಟು, ಒಲೆಯ ಕಡೆಗೇ ನೋಡುತ್ತಾ ಹೇಳಿದರು, "ನೀ ಸಿಟ್ಟಿಗೆದ್ದಿದ್ದಕ್ಕ ಅತ್ತಿಲ್ಲವ್ವಾ. ಎಲ್ಲಾರ ಮುಂದ ನನ್ನ ಯೇಸಪ್ಪ ಸೋತ ಹಾಂಗ ಆತು, ಅದಕ್ಕ ಅತ್ತೆ."

ಯಾಕೆ ಹಾಕಿದಿರಿ ಎಂದು ಕೇಳಿದೆ. ಕಾಣಿಕೆಗೆ ಅವತ್ತು ಕೈಯಲ್ಲಿ ದುಡ್ಡಿರಲಿಲ್ಲವಂತೆ. ತನ್ನ ಹತ್ತಿರ ಇದ್ದ ಬೆಲೆಬಾಳುವ ವಸ್ತು ಅದೊಂದೇ ಅಂತ ಹಾಕಿದರಂತೆ. ನನಗೆ ಮಾತೇ ಹೊರಡಲಿಲ್ಲ. ಪ್ರಾರ್ಥನೆ ಅವರೇ ಮಾಡಿದರು, ಆ ಪ್ರಸಂಗಿಗಾಗಿಯೂ ಮಾಡಿದರು. ಆಮೇಲೆ ತಾವೇ ಬೆರಳು ಚಾಚಿದರು. ಸಕ್ಕರೆ 342 ಇತ್ತು, ಬಹಳ ಹೆಚ್ಚು. ಇವತ್ತು ಮುಂಜಾನೆ ನಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಗುಳಿಗೆ ಮತ್ತೆ ಶುರು ಮಾಡಿಸಿದೆ.

ಕಮಿಟಿಗೆ ಪತ್ರ ಬರೆದಿದ್ದೇನೆ, ಒಂದೇ ಪುಟ. ಪ್ರಸಂಗಿಯನ್ನು ಬೈದಿಲ್ಲ, ಅವರು ಆಡಿದ ಮಾತನ್ನು ಆಡಿದ ಹಾಗೆ ಬರೆದು ಕೆಳಗೆ ಅಜ್ಜಿಯ ಒಪ್ಪಿಗೆ ಕೇಳಿ 342 ಎಂದು ಹಾಕಿದ್ದೇನೆ. ಏಳು ಜನ ಅಂದಿದ್ದರಲ್ಲ. ಇವತ್ತು ಮಧ್ಯಾಹ್ನದಿಂದ ನಾಲ್ಕು ಮನೆಗೆ ಹೋಗಿ ಬಂದೆ. ಇನ್ನಿಬ್ಬರು ಗುಳಿಗೆ ಬಿಟ್ಟಿದ್ದಾರೆ.