ಒಂದೇ ಸೀರೆ, ಎರಡು ಕೆಂಪು: ಫೋಟೋ ಬಣ್ಣ ಯಾಕೆ ಬದಲಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕ್ಯಾಮೆರಾದಲ್ಲಿ ನಾನೇ ಫೋಟೋ ತೆಗೆದು ಫೋಟೋಶಾಪ್‌ನಲ್ಲಿ ಸರಿ ಮಾಡುತ್ತೇನೆ. ಅಲ್ಲಿ ಸೆರಗಿನ ಕೆಂಪು ಸೀರೆಯಲ್ಲಿರುವ ಹಾಗೇ ಕಾಣುತ್ತದೆ. ವೆಬ್‌ಸೈಟ್‌ಗೆ ಹಾಕಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಮಂಕು. ತಮ್ಮನ ಲ್ಯಾಪ್‌ಟಾಪಿನಲ್ಲಿ ಮತ್ತೊಂದು ಥರ. ಈ ತಿಂಗಳು ಎರಡು ಸೀರೆ ವಾಪಸ್ ಬಂದವು. ಮಾನಿಟರ್ ಬದಲಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ ಮೇಡಂ, ದುಡ್ಡು ಉಳಿಸಿ. ಒಂದೇ ಪರದೆಯಲ್ಲಿ ಎರಡು ಥರ ಕಾಣುತ್ತಿದೆ ಅಂದರೆ ತೊಂದರೆ ಫೈಲಿನಲ್ಲಿದೆ. ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್, ಅಂದರೆ ಬಣ್ಣದ ಅಳತೆ ಯಾವುದು ಅಂತ ನೋಡಿ. ಬಹುಶಃ ಅಡೋಬಿ ಆರ್‌ಜಿಬಿ ಅಂತ ಇದೆ, ತೊಂದರೆ ಅದರಿಂದಲೇ.

ಫೈಲಿನಲ್ಲಿ ಇರುವುದು ಅಂಕಿಗಳು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ 0ಯಿಂದ 255ರ ತನಕ. ಹಿಂದೆ ಒಂದು ಸೇರು ಅಂದರೆ ಯಾವ ಊರಿನ ಸೇರು ಅಂತ ಕೇಳಬೇಕಿತ್ತಲ್ವಾ? ಇಲ್ಲೂ ಹಾಗೇ. ಯಾವ ಅಳತೆ ಅಂತ ಹೇಳುವುದು ಫೈಲಿನ ಜೊತೆಗಿರುವ ಪ್ರೊಫೈಲ್. ಎಸ್‌ಆರ್‌ಜಿಬಿ ಅಳತೆಯಲ್ಲಿ 255 ಇರುವ ಅಚ್ಚ ಕೆಂಪು, ಅಡೋಬಿ ಆರ್‌ಜಿಬಿಯಲ್ಲಿ 219 ಆಗುತ್ತದೆ. ಬಣ್ಣ ಒಂದೇ. ಫೋಟೋಶಾಪ್ ಪ್ರೊಫೈಲ್ ಓದಿ ಸರಿಯಾಗಿ ತೋರಿಸುತ್ತದೆ. ಆದರೆ ಎಷ್ಟೋ ವೆಬ್‌ಸೈಟ್‌ಗಳು ಚಿತ್ರವನ್ನು ಚಿಕ್ಕದು ಮಾಡುವಾಗ ಪ್ರೊಫೈಲನ್ನೇ ಕಿತ್ತುಹಾಕುತ್ತವೆ. ಆಗ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಅಂದುಕೊಂಡು 219 ಅನ್ನೇ ತೋರಿಸುತ್ತದೆ. ಸೆರಗು ಮಂಕಾಗುವುದು ಇಲ್ಲೇ.

ಫೋಟೋಶಾಪ್‌ನ ಎಡಿಟ್ ಮೆನುವಿನಲ್ಲಿ ಕನ್ವರ್ಟ್ ಟು ಪ್ರೊಫೈಲ್ ಆರಿಸಿ ಎಸ್‌ಆರ್‌ಜಿಬಿಗೆ ಬದಲಿಸಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಸಾಮಾನ್ಯ ಮಾನಿಟರ್‌ಗಳಿಗಾಗಿಯೇ ತಂದ ಅಳತೆ ಅದು. ಪಕ್ಕದಲ್ಲೇ ಅಸೈನ್ ಪ್ರೊಫೈಲ್ ಅಂತ ಇರುತ್ತದೆ, ದಯವಿಟ್ಟು ಅದನ್ನು ಒತ್ತಬೇಡಿ. ಅದು ಅಂಕಿ ಮುಟ್ಟದೆ ಪ್ರೊಫೈಲ್ ಅನ್ನುವ ಚೀಟಿ ಮಾತ್ರ ಬದಲಿಸುತ್ತದೆ, ಮಂಕು ಖಾಯಂ ಆಗುತ್ತದೆ.

ಪ್ರಶ್ನೆ: ಅಡೋಬಿ ಆರ್‌ಜಿಬಿಯೇ ಇತ್ತು ಸರ್! ಬದಲಿಸಿದೆ, ನನ್ನ ಕಂಪ್ಯೂಟರಿನಲ್ಲಿ ಈಗ ಎರಡು ಕಡೆಯೂ ಒಂದೇ ಕೆಂಪು. ತಮ್ಮನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇನ್ನೂ ಹಳದಿ ಹೊಡೆಯುತ್ತದೆ.

ಉತ್ತರ: ಇದು ಪರದೆಯ ವಿಷಯ. ರಾತ್ರಿ ನೋಡಿದ್ದರೆ ಮೊದಲು ಲ್ಯಾಪ್‌ಟಾಪಿನ ನೈಟ್ ಲೈಟ್ ಸೆಟ್ಟಿಂಗ್ ಆಫ್ ಮಾಡಿ ನೋಡಿ. ಅದು ಬೇಕಂತಲೇ ನೀಲಿಯನ್ನು ತಗ್ಗಿಸುತ್ತದೆ. ಟಿಎನ್ ಅನ್ನುವ ಅಗ್ಗದ ಥರದ ಪರದೆಯಾದರೆ ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ತಿರುಗುತ್ತದೆ. ಬಣ್ಣ ಜಾಸ್ತಿ ತೋರಿಸುವ ಹೊಸ ಪರದೆಗಳಲ್ಲಿ, ಪ್ರೊಫೈಲ್ ಲೆಕ್ಕಕ್ಕೆ ತೆಗೆದುಕೊಳ್ಳದ ಆ್ಯಪ್‌ಗಳು ಅದೇ ಕೆಂಪನ್ನು ಕಣ್ಣು ಕುಕ್ಕುವ ಹಾಗೆ ಮಾಡುತ್ತವೆ.

ಗ್ರಾಹಕರ ಪರದೆಗಳು ನಮ್ಮ ಕೈಯಲ್ಲಿಲ್ಲ. ಫೋಟೋ ತೆಗೆಯುವ ಬೆಳಕು ನಿಮ್ಮ ಕೈಯಲ್ಲಿದೆ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕೊಂದರಲ್ಲೇ ತೆಗೆಯಿರಿ. ಮೊದಲು ಒಂದು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇಟ್ಟು ವೈಟ್ ಬ್ಯಾಲೆನ್ಸ್ ಹಿಡಿಯಿರಿ, ಅಂದರೆ ಆ ಬೆಳಕಿಗೆ ಕ್ಯಾಮೆರಾದ ಬಣ್ಣ ಹೊಂದಿಸಿ. ಫೋಟೋದ ಕೆಳಗೆ ಸುಮ್ನೆ 'ಕೆಂಪು' ಅಂತ ಬರೆಯಬೇಡಿ. ಗಿರಿಕುಂಕುಮವಾ, ದಾಳಿಂಬೆಯಾ ಹೇಳಿ. ಸೀರೆ ಉಟ್ಟು ಗೊತ್ತಿರುವವರಿಗೆ ಪರದೆ ತಪ್ಪಿದರೂ ಆ ಹೆಸರು ತಪ್ಪುವುದಿಲ್ಲ.